ಗಾಯವನ್ನು ಮೇಲೆ ಮೇಲೆ ಕಟ್ಟಿದವರು
(ಯೆರೆಮೀಯ 6:14, ಲೂಕ 10:30-35)



ಯೆರೆಮೀಯನು ತನ್ನ ಕಾಲದ ಯಾಜಕರ ಮೇಲೂ ಪ್ರವಾದಿಗಳ ಮೇಲೂ ಹೊರಿಸಿದ ದೂರು ಏನಂದರೆ, ಅವರು ಜನರ ಗಾಯವನ್ನು ಮೇಲೆ ಮೇಲೆ ಮಾತ್ರ ಕಟ್ಟಿ, ನೆಮ್ಮದಿಯಿಲ್ಲದಲ್ಲಿ ನೆಮ್ಮದಿಯುಂಟೆಂದು ಹೇಳಿದರು ಎಂಬದೇ. ಇಲ್ಲಿ ಪ್ರವಾದಿಯು ಗದರಿಸುವದು ಗಾಯಮಾಡಿದವರನ್ನಲ್ಲ, ಗಾಯದ ವಿಷಯವಾಗಿ ಸುಳ್ಳು ಹೇಳಿದವರನ್ನೇ. ಇದನ್ನು ಓದುವಾಗ ನಾವು ಬೇಗನೆ ದಾಟಿಹೋಗುತ್ತೇವೆ. ಸುಳ್ಳುವರದಿಯಿಂದ ಯಾರು ಸಾಯುತ್ತಾರೆ ಎಂದುಕೊಳ್ಳುತ್ತೇವೆ.

ರಾಬರ್ಟ್‌ಸನ್‌ಪೇಟೆಯವರಾದ ನಿಮಗೆ ಇದನ್ನು ವಿವರಿಸುವದು ಕಷ್ಟವಲ್ಲ. ನಮ್ಮ ಚಿನ್ನದ ಗಣಿಗಳು 2001ನೆಯ ಇಸವಿಯಲ್ಲಿ ಮುಚ್ಚಿಹೋದವು. ಆದರೂ ಬಾವಿಯ ಗಂಟೆಯ ಮಾತು ಇನ್ನೂ ಅನೇಕರ ಮನೆಗಳಲ್ಲಿ ಉಂಟು. ಚಾಂಪಿಯನ್ ರೀಫಿನ ಆಳವು ಮೂರು ಸಾವಿರ ಮೀಟರಿಗೂ ಮಿಕ್ಕಿದ್ದಿತು. ಮೇಲೆ ಯಂತ್ರದ ಬಳಿ ಕುಳಿತವನಿಗೆ ಕೆಳಗಿರುವವನು ಕಾಣಿಸುವದಿಲ್ಲ. ಆತನಿಗೆ ತಿಳಿಯುವದು ಗಂಟೆಯ ಸದ್ದು ಒಂದೇ. ಕೆಳಗೆ ಬಂಡೆ ಸಿಡಿದು ಒಬ್ಬನು ಬಿದ್ದಿರುವಾಗ ಗಂಟೆಯು ತಪ್ಪು ಸಂಜ್ಞೆಯನ್ನು ಕೊಟ್ಟರೆ, ಮೇಲಿನವನು ಎಷ್ಟು ಒಳ್ಳೆಯವನಾದರೇನು?

ಇಂಥ ತಪ್ಪು ಗಂಟೆಯೊಂದು ಮೊದಲನೆಯ ಮಹಾಯುದ್ಧದಲ್ಲಿ ಬಾರಿಸಲ್ಪಟ್ಟಿತು. ಅಬ್ರಹಾಮನು ಹೊರಟುಬಂದ ಊರ್ ಪಟ್ಟಣದ ಸೀಮೆಗೆ, ಎಂದರೆ ಈಗ ಇರಾಕ್ ಎನ್ನುವ ಮೆಸೊಪೊಟೇಮಿಯಕ್ಕೆ, ಇಂಡಿಯಾ ಸರ್ಕಾರವು 1914ನೆಯ ಇಸವಿಯಲ್ಲಿ ದಂಡನ್ನು ಕಳುಹಿಸಿತು. ದಂಡಿನಲ್ಲಿ ಹೆಚ್ಚಿನವರು ನಮ್ಮ ದೇಶದ ಸಿಪಾಯಿಗಳು. ಇಲ್ಲಿಂದ ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಕೆಲವು ತಾಸು ಹೋದರೆ ಸಿಕ್ಕುವ ಬೆಂಗಳೂರು ದಂಡಿನ ಮದ್ರಾಸ್ ಸ್ಯಾಪರ್ಸ್ ಪಡೆಯವರೂ ಆ ಸೀಮೆಗೆ ಹೋಗಿ ದುಡಿದರು. 1915ನೆಯ ನವೆಂಬರ್ 22ರಂದು ಬಗ್ದಾದಿನ ಸಮೀಪದ ಟೆಸಿಫೋನ್ ಎಂಬಲ್ಲಿ ಜನರಲ್ ಟೌನ್‌ಶೆಂಡನ ದಂಡು ತುರ್ಕರೊಡನೆ ಹೋರಾಡಿತು. ಸತ್ತವರೂ ಗಾಯಪಟ್ಟವರೂ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು. ಇಷ್ಟು ಮಂದಿಯನ್ನು ಹೊರುವದಕ್ಕೆ ಡೋಲಿಗಳಿರಲಿಲ್ಲ, ಡೋಲಿ ಹೊರುವವರು ಸಾಲಲಿಲ್ಲ, ವೈದ್ಯರು ಸಾಲಲಿಲ್ಲ. ತೊಡೆಯೆಲುಬು ಮುರಿದವರನ್ನು ಕೂಡ ಸಾಮಾನು ಸಾಗಿಸುವ ಎರಡು ಚಕ್ರದ ಗಾಡಿಗಳಲ್ಲಿ ಹಾಕಿ ನದೀತೀರಕ್ಕೆ ಒಯ್ದರು. ಆ ಗಾಡಿಗಳಿಗೆ ಸ್ಪ್ರಿಂಗುಗಳಿಲ್ಲ, ನೆಲವೋ ಉಬ್ಬುತಗ್ಗು. ಸಮಾರ್ಯದವನು ತನ್ನ ಸ್ವಂತ ಪಶುವಿನ ಮೇಲೆ ಗಾಯಪಟ್ಟವನನ್ನು ಕೂಡ್ರಿಸಿ, ತಾನು ಪಕ್ಕದಲ್ಲಿ ಹಿಡಿದುಕೊಂಡು ನಡೆದನಷ್ಟೆ. ಇವರಿಗೆ ಹಾಗೆ ಹಿಡಿದುಕೊಳ್ಳುವವರು ಬಹು ಸ್ವಲ್ಪ ಮಂದಿ.

ತೀರದಿಂದ ಬಸ್ರಾಕ್ಕೆ ಟೈಗ್ರಿಸ್ ನದಿಯ ಮೇಲೆ ಅನೇಕ ದಿವಸಗಳ ಪ್ರಯಾಣ. ಮೆಜಿದಿಯೆ ಎಂಬ ಸ್ಟೀಮರಿನಲ್ಲಿಯೂ ಅದಕ್ಕೆ ಕಟ್ಟಿದ ದೋಣಿಗಳಲ್ಲಿಯೂ ಸುಮಾರು 600 ಗಾಯಾಳುಗಳನ್ನು ಒತ್ತೊತ್ತಾಗಿ ಮಲಗಿಸಿದರು. ಹಾಸಿಗೆಗಳಿಲ್ಲ, ಅನೇಕರಿಗೆ ರಕ್ತಭೇದಿ. ಬಸ್ರಾದಲ್ಲಿ ಆಸ್ಪತ್ರೆಹಡಗಿನ ಮೇಲ್ವಿಚಾರಕನಾಗಿದ್ದ ಮೇಜರ್ ಮಾರ್ಕಮ್ ಕಾರ್ಟರ್ ಎಂಬ ವೈದ್ಯನು ದೂರದಿಂದ ಆ ಸ್ಟೀಮರನ್ನು ನೋಡಿ, ಪಕ್ಕಗಳಲ್ಲಿ ಹಗ್ಗಗಳು ತೂಗಾಡುತ್ತವೆಂದು ಭಾವಿಸಿದನು. ಹತ್ತಿರ ಬಂದಾಗ ತಿಳಿದದ್ದೇನಂದರೆ, ಅವು ಹಗ್ಗಗಳಲ್ಲ. ಏಳಲಾರದೆ ಮಲಗಿದ್ದವರ ಮಲವು ಹಡಗಿನ ಪಕ್ಕದಲ್ಲಿ ಇಳಿದು ಒಣಗಿ ಹೆಪ್ಪುಗಟ್ಟಿತ್ತು. ಸಭೆಯಲ್ಲಿ ಓದುವದಕ್ಕೆ ಇದು ತಕ್ಕ ಮಾತೋ ಎಂದು ಕೆಲವರು ಕೇಳಬಹುದು. ಹೌದು, ತಕ್ಕದ್ದೇ, ಇದನ್ನು ಹೇಳಬಾರದೆಂದವರಿಂದಲೇ ಕೇಡು ಬೆಳೆಯಿತು.

ಯಾಕಂದರೆ ಅದೇ ಡಿಸೆಂಬರ್ ತಿಂಗಳಲ್ಲಿ ಸೇನಾಪತಿ ನಿಕ್ಸನನ ಕಡೆಯಿಂದ ಹೋದ ತಂತಿಯಲ್ಲಿ, ಗಾಯಪಟ್ಟವರ ವ್ಯವಸ್ಥೆಯು ತೃಪ್ತಿಕರವಾಗಿ ನಡೆಯಿತು, ವೈದ್ಯಕೀಯ ಏರ್ಪಾಡುಗಳು ಬಹು ಚೆನ್ನಾಗಿ ಸಾಗಿದವು ಎಂಬ ಅರ್ಥ ಬರುವಂತೆ ಬರೆದಿತ್ತು. ಕಾರ್ಟರನಾದರೋ ಮೇಲಿನವರಿಗೆ ತಾನು ಕಂಡದ್ದನ್ನೇ ತಿಳಿಸಿದನು, ಮತ್ತೆಮತ್ತೆ ತಿಳಿಸಿದನು. ಅದಕ್ಕೆ ಸಿಕ್ಕಿದ ಪ್ರತಿಫಲವೇನು? ಬಾಯಿ ಮುಚ್ಚದಿದ್ದರೆ ಸೆರೆಹಿಡಿಯುವೆವು, ಹಡಗಿನ ಅಧಿಕಾರವನ್ನು ಕಿತ್ತುಕೊಳ್ಳುವೆವು ಎಂಬ ಬೆದರಿಕೆ.

ನಮ್ಮಲ್ಲಿ ಒಂದು ವಾಡಿಕೆಯುಂಟು. ದೊಡ್ಡವರು ಬಂದು ಹೇಗಿದ್ದೀರಿ ಎಂದು ಕೇಳಿದರೆ, ಎಲ್ಲಾ ಚೆನ್ನಾಗಿದೆ ಸ್ವಾಮಿ ಎನ್ನುತ್ತೇವೆ. ಒಳಕೋಣೆಯಲ್ಲಿ ಮುದುಕಿ ಮೂರು ದಿನದಿಂದ ಗಂಜಿಯಿಲ್ಲದೆ ಮಲಗಿದ್ದರೂ ಅದೇ ಉತ್ತರ. ಇದನ್ನು ಮರ್ಯಾದೆಯೆಂದು ಎಣಿಸುತ್ತೇವೆ. ಮುದುಕಿಗೆ ಈ ಮರ್ಯಾದೆಯಿಂದ ಏನಾಗುತ್ತದೆಂಬದನ್ನು ಆಕೆಯನ್ನೇ ಕೇಳಬೇಕು.

ಸತ್ಯವು ಬಹುಕಾಲ ಹೂತಿರಲಿಲ್ಲ. 1916ನೆಯ ಮಾರ್ಚಿಯಲ್ಲಿ ಇಂಡಿಯಾ ಸರ್ಕಾರವು ವಿನ್ಸೆಂಟ್, ಬಿಂಗ್ಲಿ ಎಂಬವರನ್ನು ವಿಚಾರಣೆಗೆ ನೇಮಿಸಿತು. ರೆಡ್ ಕ್ರಾಸಿನ ರಿಡ್ಸ್‌ಡೇಲ್ ಎಂಬವನೂ ಅವರೊಡನಿದ್ದನು. ಏಪ್ರಿಲ್ 29ರಂದು ಕೂಟ್ ಪಟ್ಟಣವು ತುರ್ಕರಿಗೆ ಸೋತುಹೋದ ಮೇಲೆ ಲಂಡನ್ನಿನ ಪಾರ್ಲಿಮೆಂಟೇ ಅದೇ ವರುಷ ಕಾಯಿದೆಯನ್ನು ಮಾಡಿ ಲಾರ್ಡ್ ಜಾರ್ಜ್ ಹ್ಯಾಮಿಲ್ಟನನ ಅಧ್ಯಕ್ಷತೆಯಲ್ಲಿ ಕಮಿಷನನ್ನು ಕೂಡ್ರಿಸಿತು. ಕಾರ್ಟರನು ಅದರ ಮುಂದೆ ಸಾಕ್ಷಿ ನುಡಿದನು. 1917ನೆಯ ಜೂನಿನಲ್ಲಿ ವರದಿ ಪ್ರಕಟವಾಯಿತು. ನಿಕ್ಸನನ ಮೇಲೆಯೂ, ವೈದ್ಯಾಧಿಪತಿ ಹ್ಯಾಥವೇಯ ಮೇಲೆಯೂ, ವೈಸರಾಯ್ ಹಾರ್ಡಿಂಜನ ಮೇಲೆಯೂ, ಪ್ರಧಾನ ಸೇನಾಪತಿ ಬೋಷಾಂ ಡಫ್ಫನ ಮೇಲೆಯೂ ತಪ್ಪನ್ನು ಹೊರಿಸಿತು. ಇಂಡಿಯಾ ಮಂತ್ರಿಯಾದ ಆಸ್ಟೆನ್ ಚೇಂಬರ್ಲಿನನು, ತನ್ನ ಇಲಾಖೆಯ ಕೆಳಗೆ ನಡೆದದ್ದಕ್ಕೆ ತಾನೇ ಉತ್ತರವಾದಿಯೆಂದು ಜುಲೈಯಲ್ಲಿ ಪದವಿಯನ್ನು ಬಿಟ್ಟನು. ಉಳಿದ ದೊಡ್ಡವರಲ್ಲಿ ಒಬ್ಬರನ್ನೂ ನ್ಯಾಯಾಸನದ ಮುಂದೆ ನಿಲ್ಲಿಸಲಿಲ್ಲ. ಅದು ನನಗೆ ಒಪ್ಪುವದಿಲ್ಲ.

ಆದರೂ ಸತ್ಯವನ್ನು ನುಡಿದದ್ದು ವ್ಯರ್ಥವಾಗಲಿಲ್ಲ. ಕಮಿಷನಿನ ವರದಿ ಅಚ್ಚಾಗುವದಕ್ಕೆ ಮುಂಚೆಯೇ ಆಡಳಿತವು ಲಂಡನ್ನಿನ ಯುದ್ಧ ಇಲಾಖೆಯ ಕೈಗೆ ಹೋಗಿ, ನದಿಗೆ ಆಸ್ಪತ್ರೆಯ ಸ್ಟೀಮರುಗಳೂ ದಡಕ್ಕೆ ಮೋಟಾರು ಗಾಡಿಗಳೂ ಬಂದವು. 1917ನೆಯ ಮಾರ್ಚಿಯಲ್ಲಿ ದಂಡು ಬಗ್ದಾದನ್ನು ಹಿಡಿದಾಗ, ಗಾಯಪಟ್ಟವರು ಮೊದಲಿನವರಂತೆ ಸಾಮಾನಿನ ಗಾಡಿಯಲ್ಲಿ ಕುಲುಕುತ್ತಾ ಸಾಯಬೇಕಾಗಿರಲಿಲ್ಲ.

ಸತ್ತವರ ವಿಷಯವಾಗಿ ಮಾತ್ರ ಲೆಕ್ಕ ಒಪ್ಪಿಸುವದು ಬಹಳ ತಡವಾಯಿತು. ಬಸ್ರಾದಲ್ಲಿ ಕಟ್ಟಿದ ಸ್ಮಾರಕದ ಕಲ್ಲುಗಳ ಮೇಲೆ ಬಿಳಿಯರ ಹೆಸರುಗಳನ್ನು ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳನ್ನು ಅವರವರ ಪಡೆಯ ಕೆಳಗೆ ಎಣಿಕೆಯಾಗಿ ಮಾತ್ರ ಬರೆದರು. ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಯೋಹಾನನ ಸುವಾರ್ತೆಯಲ್ಲಿ ಓದಿದವರಿಗೆ ಇದು ಹೇಗೆ ಸಹಿಸೀತು? ಹೀಗೆ ಹೆಸರಿಲ್ಲದೆ ಉಳಿದವರ ಕುರಿತು ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗವು ತಾನೇ ವಿಚಾರಣೆಯನ್ನು ನಡಿಸಿ, 2021ನೆಯ ಏಪ್ರಿಲಿನಲ್ಲಿ ತಪ್ಪನ್ನು ಒಪ್ಪಿಕೊಂಡು ಕ್ಷಮೆ ಬೇಡಿತು. ಟೆಸಿಫೋನಿನ ಗಾಡಿಗಳು ಉರುಳಿ ಅಷ್ಟರಲ್ಲಿ ನೂರೈದು ವರುಷಗಳು ಕಳೆದಿದ್ದವು.