‘ಓಕೆ’ ಎಂಬ ನಮ್ಮ ಮಾತು
(ಮತ್ತಾಯ 21:28-31 ಓದಿರಿ)

ಲೋಂಡಾ ಜಂಕ್ಷನ್ನಿನಲ್ಲಿ ಗಾಡಿ ಹಾದುಹೋಗುವಾಗ ಸ್ಟೇಶನ್ನಿನವರು ಹಗಲಲ್ಲಿ ಹಸಿರು ನಿಶಾನೆಯನ್ನೂ ರಾತ್ರಿಯಲ್ಲಿ ಹಸಿರು ದೀಪವನ್ನೂ ತೋರಿಸುವದನ್ನು ನೋಡಿದ್ದೀರಷ್ಟೆ. ಇಂಜಿನ್ನಿನವರೂ, 2022ರಿಂದ ಟ್ರೇನ್ ಮ್ಯಾನೇಜರ್ ಎನಿಸಿಕೊಂಡಿರುವ ಗಾರ್ಡರೂ ಅದಕ್ಕೆ ಉತ್ತರ ಕೊಡುತ್ತಾರೆ. ರೈಲಿನವರು ಇದನ್ನು ‘ಆಲ್ ರೈಟ್’ ಸಂಕೇತವೆನ್ನುತ್ತಾರೆ; ಎಲ್ಲವೂ ಸರಿಯಾಗಿದೆ ಎಂದರ್ಥ. ತೋರಿಸುವವನು ಗಾಲಿಗಳನ್ನೂ ಡಬ್ಬಿಗಳನ್ನೂ ನೋಡಿಯೇ ತೋರಿಸಬೇಕು. ಹೊಗೆಯೋ ಬೆಂಕಿಯೋ ಕಂಡರೆ ಕೆಂಪು ಹಿಡಿಯಬೇಕು. ಕ್ಯಾಸಲ್‌ರಾಕ್ ದಾಟಿದ ಮೇಲೆ ಗೋವೆಯ ಕಡೆಗೆ ಘಟ್ಟವು 37 ಅಡಿಗೆ 1 ಅಡಿಯಂತೆ ಇಳಿಯುತ್ತದೆ. ನೋಡದೆ ತೋರಿಸಿದ ಹಸಿರು ಅಲ್ಲಿ ಯಾರನ್ನು ಕಾಯುವದು?

ಅದೇ ಅರ್ಥದ ‘ಓಕೆ’ ಎಂಬ ಮಾತು ಈಗ ನಮ್ಮೆಲ್ಲರ ಬಾಯಲ್ಲಿದೆ. 1839ನೇ ಮಾರ್ಚ್ 23ರಂದು ಅಮೇರಿಕದ ಬಾಸ್ಟನ್ ಪಟ್ಟಣದ ಒಂದು ವರ್ತಮಾನಪತ್ರದಲ್ಲಿ ಅದು ಅಚ್ಚಾಯಿತು. ‘ಆಲ್ ಕರೆಕ್ಟ್’ ಎಂಬದರ ಮೊದಲಕ್ಷರಗಳು ಏ, ಸೀ. ಹಾಸ್ಯಕ್ಕಾಗಿ ಅವನ್ನು ಓ, ಕೇ ಎಂದು ತಪ್ಪಾಗಿ ಹಾಕಿದ್ದರು. ಎಲ್ಲವೂ ಸರಿ ಎಂಬ ಮಾತೇ ಸರಿಯಾಗಿ ಬರೆಯಲ್ಪಟ್ಟಿರಲಿಲ್ಲ!

ನಾವಾದರೋ ಕೇಳಿದೆವೆನ್ನಲಿಕ್ಕೂ ಓಕೆ, ಒಪ್ಪಿದೆವೆನ್ನಲಿಕ್ಕೂ ಓಕೆ, ಮಾಡುತ್ತೇವೆನ್ನಲಿಕ್ಕೂ ಓಕೆ, ಇನ್ನು ಮಾತು ಸಾಕೆನ್ನಲಿಕ್ಕೂ ಓಕೆ ಅನ್ನುತ್ತೇವೆ. ಹೇಳಿದವನ ಮನಸ್ಸಿನಲ್ಲಿ ಒಂದು, ಕೇಳಿದವನ ಮನಸ್ಸಿನಲ್ಲಿ ಇನ್ನೊಂದು.

ನಮ್ಮ ತಪ್ಪನ್ನೇ ಅರಿಕೆಮಾಡುತ್ತೇವೆ. ಒಬ್ಬ ವೃದ್ಧ ವಿಧವೆಯು, ದೂರದಲ್ಲಿದ್ದ ಮಗನಿಗೆ ಕಾಗದ ಬರೆದುಕೊಡಬೇಕೆಂದು ಆರಾಧನೆಯ ತರುವಾಯ ನಮ್ಮನ್ನು ಬೇಡಿಕೊಂಡಳು. ಗಾಡಿಗೆ ಹೊತ್ತಾಗಿತ್ತು, ‘ಓಕೆ ಅಮ್ಮಾ’ ಎಂದೆವು. ಕೇಳಿದೆವು ಎಂದು ನಾವು ಅಂದದ್ದು; ಬರೆಯುವರು ಎಂದು ಆಕೆ ತಿಳಿದದ್ದು. ಮೂರು ಭಾನುವಾರ ಮಗನ ವಿಳಾಸದ ಚೀಟಿಯನ್ನು ಸೆರಗಿನ ಗಂಟಿನಲ್ಲಿ ತಂದು, ಪುನಃ ಕೇಳಲು ಸಂಕೋಚಪಟ್ಟು ಹಿಂತಿರುಗಿದಳು. ನಾಲ್ಕನೆಯ ಭಾನುವಾರ ಆಕೆ ಹಾಸಿಗೆ ಹಿಡಿದಿದ್ದಳು. ಆಗ ಬರೆದೆವು. ಮಗನು ಬಂದನು; ಆದರೆ ತಾಯಿಗೆ ಮಾತು ನಿಂತುಹೋಗಿತ್ತು.

ಕರ್ತನು ಹೇಳಿದ ಸಾಮ್ಯದಲ್ಲಿ, ಹೋಗುತ್ತೇನೆಂದ ಮಗನು ತೋಟಕ್ಕೆ ಹೋಗಲಿಲ್ಲ. ಒಲ್ಲೆನೆಂದವನು ಮನಸ್ಸು ತಿರುಗಿಸಿಕೊಂಡು ಹೋದನು. ಆ ಮೊದಲಿನವನು ನಾವೇ ಆಗಿದ್ದೆವು.

ಆದದರಿಂದ ಪ್ರಿಯರೇ, ಓಕೆ ಎನ್ನಬಾರದೆಂದು ನಾವು ಹೇಳುವದಿಲ್ಲ. ನೋಡಿ ಹೇಳಿರಿ, ಹೇಳಿದ್ದನ್ನು ಮಾಡಿರಿ. ಆಗದಿದ್ದರೆ ಆಗದೆನ್ನಿರಿ, ಹೊತ್ತಿಗೆ ತೋರಿಸಿದ ಕೆಂಪು ನಿಶಾನೆಯೂ ಪ್ರೀತಿಯೇ. ಪ್ರಾರ್ಥನೆಯ ಕಡೆಯಲ್ಲಿ ನಾವು ಹೇಳುವ ‘ಆಮೆನ್’ ಎಂಬ ಇಬ್ರಿಯ ಮಾತಿಗೂ, ನಿಜವೇ, ಹಾಗೆಯೇ ಆಗಲಿ ಎಂದು ಅರ್ಥ. ನೆರೆಯವನಿಗೆ ಕೊಟ್ಟ ಮಾತನ್ನು ಮರೆಯುವ ಬಾಯಿ ದೇವರ ಮುಂದೆ ಆ ಮಾತನ್ನು ಹೇಗೆ ಆಡೀತು? ಕರ್ತನು ನಮ್ಮ ತುಟಿಗಳನ್ನು ಕಾಯಲಿ. ಆಮೆನ್.