ಹಳದಿ ಶಂಖ ಮತ್ತು ಅಗ್ಗದ ಪರದೆ

ನೋಡುವ ಸಾಧನದಲ್ಲೇ ದೋಷವಿದ್ದರೆ, ಕಂಡದ್ದು ಸರಿಯೋ ತಪ್ಪೋ ಎಂದು ತಿಳಿಯುವ ದಾರಿ ಯಾವುದು? ಭಾರತೀಯ ದರ್ಶನಗಳು ಶತಮಾನಗಳ ಕಾಲ ಚರ್ಚಿಸಿದ ಈ ಪ್ರಶ್ನೆ, ಫೋಟೋ ಎಡಿಟಿಂಗಿಗೆಂದು ಕಡಿಮೆ ಹಣದಲ್ಲಿ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರಿಗೂ ಎದುರಾಗುತ್ತದೆ. ಅಂಗಡಿಯಲ್ಲಿ ಅದನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ, ಅಷ್ಟೆ.

ಈ ಚರ್ಚೆಗೆ ನಂಜನಗೂಡು, ತಿ. ನರಸೀಪುರ ಸೀಮೆ ಹೊರಗಿನದಲ್ಲ. ದ್ವೈತ ವೇದಾಂತದ ದೊಡ್ಡ ತಾರ್ಕಿಕ ವ್ಯಾಸತೀರ್ಥರು ಹುಟ್ಟಿದ್ದು ತಿ. ನರಸೀಪುರ ತಾಲ್ಲೂಕಿನ ಬನ್ನೂರಿನಲ್ಲಿ. ಅವರ ಪರಂಪರೆಯ ವ್ಯಾಸರಾಜ ಮಠ ಅದೇ ತಾಲ್ಲೂಕಿನ ಸೋಸಲೆಯಲ್ಲಿದೆ. 1539ರಲ್ಲಿ ವೃಂದಾವನಸ್ಥರಾದ ಅವರ ‘ತರ್ಕತಾಂಡವ’, ಮಿಥಿಲೆಯ ಗಂಗೇಶನ ನವ್ಯನ್ಯಾಯವನ್ನು ಎದುರು ಹಾಕಿಕೊಂಡು ಜ್ಞಾನದ ಪ್ರಾಮಾಣ್ಯವನ್ನು ವಿಚಾರಿಸುತ್ತದೆ. ಆ ಗ್ರಂಥಕ್ಕೆ ‘ನ್ಯಾಯದೀಪ’ ಎಂಬ ಟೀಕೆ ಬರೆದವರು ರಾಘವೇಂದ್ರತೀರ್ಥರು. ಅವರ ಮಠಕ್ಕೆ ಬಹುಕಾಲ ನಂಜನಗೂಡಿನ ಹೆಸರೇ ಇತ್ತು. ಕಪಿಲೆಯ ದಡದ ಊರೊಂದು, ಕಾವೇರಿಯ ದಡದ ಊರೊಂದು ಹೀಗೆ ಒಂದೇ ಗ್ರಂಥದ ಮೂಲಕವೂ ಕೂಡುತ್ತವೆ.

ದ್ವೈತಿಗಳ ಪ್ರಕಾರ ಪ್ರತ್ಯಕ್ಷ ಪ್ರಮಾಣವಾಗಬೇಕಾದರೆ ಇಂದ್ರಿಯವೂ ನಿರ್ದೋಷವಾಗಿರಬೇಕು, ವಿಷಯವೂ ನಿರ್ದೋಷವಾಗಿರಬೇಕು. ತೀರ ದೂರದ್ದು, ತೀರ ಸಣ್ಣದು, ಮರೆಯಲ್ಲಿರುವುದು ವಿಷಯದೋಷದ ಪಟ್ಟಿಗೆ ಸೇರುತ್ತವೆ. ಇಂದ್ರಿಯದೋಷಕ್ಕೆ ಹಲವು ದರ್ಶನಗಳು ಕೊಡುವ ಉದಾಹರಣೆ ಪೀತಶಂಖ: ಕಾಮಾಲೆ ಹಿಡಿದವನಿಗೆ ಬಿಳಿಯ ಶಂಖ ಹಳದಿಯಾಗಿ ಕಾಣುತ್ತದೆ ಎಂಬುದು. ಅವನು ಎಷ್ಟು ಹೊತ್ತು ದಿಟ್ಟಿಸಿದರೂ ಶಂಖ ಬೆಳ್ಳಗಾಗುವುದಿಲ್ಲ. ದೋಷವಿರುವ ಕಣ್ಣಿನಿಂದಲೇ ಆ ದೋಷವನ್ನು ಹಿಡಿಯಲು ಬಾರದು.

ಫೋಟೋ ಎಡಿಟಿಂಗಿನಲ್ಲಿ ಕಣ್ಣಿಗೂ ವಿಷಯಕ್ಕೂ ನಡುವೆ ಪರದೆಯೆಂಬ ಮೂರನೆಯದು ಬಂದು ಕೂತಿದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹೊರಡುವಾಗ ತೆಗೆದ ಚಿತ್ರವನ್ನೋ, ಮದುವೆ ಮನೆಯ ಧಾರೆಯ ಚಿತ್ರವನ್ನೋ ಸ್ಟುಡಿಯೋದವರು ತಿದ್ದುವುದು ಪರದೆಯಲ್ಲಿ ಕಂಡಂತೆ. ಅಗ್ಗದ ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯಲ್ಲಿ ಕಾಣುವ ‘ಶೇ 45 ಎನ್‌ಟಿಎಸ್‌ಸಿ’ ಎಂಬ ಮಾತಿನ ಅರ್ಥ, ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣವ್ಯಾಪ್ತಿಯಲ್ಲಿ ಆ ಪರದೆ ತೋರಬಲ್ಲದ್ದು ಸುಮಾರು ಶೇ 60ರಷ್ಟು ಮಾತ್ರ ಎಂದು. ಕುಂಕುಮದ ಕೆಂಪು, ರೇಷ್ಮೆಯ ಗಾಢ ಹಸಿರು ಅಲ್ಲಿ ಮಂಕಾಗುತ್ತವೆ. ಟಿಎನ್ ಬಗೆಯ ಪರದೆಯಾದರೆ ತಲೆ ಸ್ವಲ್ಪ ಓರೆಯಾದರೂ ನೆರಳಿನ ಭಾಗವೇ ಬೇರೆಯಾಗಿ ಕಾಣುತ್ತದೆ.

ಇಲ್ಲಿ ಪೀತಶಂಖದ ಉದಾಹರಣೆಯನ್ನೂ ಮೀರಿದ ಒಂದು ಸಂಗತಿಯಿದೆ. ಕಾಮಾಲೆಯವನ ಭ್ರಮೆ ಅವನಲ್ಲೇ ಉಳಿಯುತ್ತದೆ. ಶಂಖಕ್ಕೆ ಅದರಿಂದ ಏನೂ ಆಗದು. ಎಡಿಟಿಂಗ್ ಮಾಡುವವರ ಭ್ರಮೆ ಚಿತ್ರದೊಳಕ್ಕೇ ಇಳಿಯುತ್ತದೆ, ಅದೂ ತಿರುವುಮುರುವಾಗಿ. ಪರದೆ ನೀಲಿಗೆ ವಾಲಿದ್ದರೆ ಅವರು ಹಳದಿ ಸೇರಿಸುತ್ತಾರೆ, ಮೈಸೂರಿನ ಲ್ಯಾಬ್‌ನಿಂದ ಆಲ್ಬಂ ಬಂದಾಗ ಮದುಮಗಳ ಮುಖಕ್ಕೆ ಅರಿಶಿನ ಮೆತ್ತಿದಂತಿರುತ್ತದೆ. ಪರದೆಯ ಬೆಳಕು ಅತಿಯಾಗಿದ್ದರೆ ಚಿತ್ರವನ್ನು ಇಳಿಸುತ್ತಾರೆ, ಪ್ರಿಂಟ್ ಕಪ್ಪಾಗುತ್ತದೆ. ಭ್ರಮೆಯ ಬಗೆಗೆ ಖ್ಯಾತಿವಾದಗಳು ಹಲವಿದ್ದರೂ ಅವೆಲ್ಲ ಕೇಳಿದ್ದು ‘ಭ್ರಮೆಯಲ್ಲಿ ತೋರುವುದು ಏನು’ ಎಂದು. ಭ್ರಮೆ ವಸ್ತುವನ್ನೇ ತಿದ್ದಿಬಿಟ್ಟರೆ ಏನು ಎಂದು ಕೇಳುವ ಅಗತ್ಯ ಅವುಗಳಿಗೆ ಬಿದ್ದಿರಲಿಲ್ಲ.

ಬೇಕೆಂದೇ ಮಾಡಿದ ಬದಲಾವಣೆಯ ಮಾತು ಬೇರೆ. ಗೋಪುರಕ್ಕೆ ಅಡ್ಡ ಬಂದ ವಿದ್ಯುತ್ ತಂತಿಯನ್ನು ಅಳಿಸಿದವರಿಗೆ ತಾವು ಅಳಿಸಿದ್ದು ಗೊತ್ತಿರುತ್ತದೆ. ಅದು ಸರಿಯೇ ಎಂಬುದು ನೀತಿಯ ಪ್ರಶ್ನೆ, ಪ್ರಮಾಣದ ಪ್ರಶ್ನೆಯಲ್ಲ.

ಹಾಗಾದರೆ ಪರದೆಯನ್ನು ನಂಬುವುದು ಯಾವಾಗ? ನೈಯಾಯಿಕರದು ಪರತಃ ಪ್ರಾಮಾಣ್ಯವಾದ: ಜ್ಞಾನ ಸರಿಯೆಂಬುದು ಆ ಜ್ಞಾನದಿಂದಲೇ ತಿಳಿಯದು, ಅದನ್ನು ನಂಬಿ ಮಾಡಿದ ಕೆಲಸ ಫಲಿಸಿದಾಗ ತಿಳಿಯುತ್ತದೆ. ಪ್ರಿಂಟ್ ಹಾಕಿಸಿ ನೋಡುವುದು, ಪರದೆಗೆ ಕ್ಯಾಲಿಬ್ರೇಟರ್ ಇಟ್ಟು ಬಣ್ಣ ಅಳೆಯುವುದು ಈ ದಾರಿ. ವ್ಯಾಸತೀರ್ಥರ ಪಕ್ಷ ಸ್ವತಃ ಪ್ರಾಮಾಣ್ಯ: ಪ್ರತಿಯೊಂದು ಅರಿವಿಗೂ ಇನ್ನೊಂದು ಅರಿವಿನ ಸಾಕ್ಷ್ಯ ಬೇಕೆಂದರೆ ಆ ಇನ್ನೊಂದಕ್ಕೆ ಮತ್ತೊಂದು ಬೇಕು, ಅನವಸ್ಥೆ ತಪ್ಪದು. ಕ್ಯಾಲಿಬ್ರೇಟರ್ ಸರಿಯಿದೆಯೆಂದು ಅಳೆಯುವುದು ಯಾವುದರಿಂದ? ಪ್ರಿಂಟನ್ನು ನೋಡಿದ ಟ್ಯೂಬ್‌ಲೈಟಿನ ಬೆಳಕು ಸರಿಯಿತ್ತೇ? ಆದ್ದರಿಂದ ಅರಿವಿನ ಪ್ರಾಮಾಣ್ಯವನ್ನು ಗ್ರಹಿಸುವುದು ಆತ್ಮಸ್ವರೂಪವೇ ಆದ ಸಾಕ್ಷಿ. ಅಪ್ರಾಮಾಣ್ಯ ಮಾತ್ರ ಹೊರಗಿನ ಕಾರಣದಿಂದ ತಿಳಿಯುತ್ತದೆ. ಸಂಶಯ ಹುಟ್ಟಿದಲ್ಲಿ ಪರೀಕ್ಷೆ ಬೇಕು, ಸಂಶಯ ತೀರಿದಲ್ಲಿಗೆ ಪರೀಕ್ಷೆ ನಿಲ್ಲಬೇಕು.

ಕೈಯಲ್ಲಿ ಹಣ ಕಡಿಮೆಯಿರುವವರಿಗೆ ಈ ಎರಡನೆಯ ನಿಲುವೇ ಹೆಚ್ಚು ಒದಗುತ್ತದೆ ಎನ್ನಬಹುದು. ಪರೀಕ್ಷೆಗೆ ಕೊನೆಯಿಲ್ಲದಿದ್ದರೆ ಖರ್ಚಿಗೂ ಕೊನೆಯಿಲ್ಲ. ಹಾಗೆಂದು ಪರೀಕ್ಷೆಯನ್ನೇ ಬಿಡುವಂತಿಲ್ಲ. ಅಗ್ಗದ ಪರದೆಯ ವಿಷಯದಲ್ಲಿ ಸಂಶಯಕ್ಕೆ ಕಾರಣ ಅದರ ವಿವರಪಟ್ಟಿಯಲ್ಲೇ ಬರೆದಿರುತ್ತದೆ.

ಐವತ್ತು-ಅರವತ್ತು ಸಾವಿರ ರೂಪಾಯಿಯ ಮಿತಿಯಲ್ಲಿ ಈ ವಿಚಾರದಿಂದ ಹೊರಡುವ ಕ್ರಮ ಸ್ಪಷ್ಟ. ಮೊದಲ ಹಣ ಕಾಣುವುದಕ್ಕೆ, ಉಳಿದದ್ದು ಮಾಡುವುದಕ್ಕೆ. ಐಪಿಎಸ್ ಪರದೆ, ಎಸ್‌ಆರ್‌ಜಿಬಿ ಶೇ 100ರ ಹತ್ತಿರ, 300 ನಿಟ್ಸ್ ಬೆಳಕು ಇರುವುದನ್ನು ಹುಡುಕಬೇಕು. ನಿಧಾನದ ಪ್ರೊಸೆಸರ್ ಕಾಯಿಸುತ್ತದೆ, ಕಾಯುತ್ತಿರುವುದು ಗೊತ್ತಾಗುತ್ತದೆ. ಸುಳ್ಳು ಹೇಳುವ ಪರದೆ ಏನನ್ನೂ ಗೊತ್ತುಮಾಡುವುದಿಲ್ಲ. ಅಂಗಡಿಯವರು ಮುಂದೆ ಮಾಡುವ ಗೇಮಿಂಗ್ ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಕಾರ್ಡಿನಿಂದ ಎಐ ನಾಯ್ಸ್ ತೆಗೆಯುವಂಥ ಕೆಲವು ಕೆಲಸ ಬೇಗ ಆಗುತ್ತವೆ, ನಿಜ. ಆದರೆ ಆ ಬೆಲೆಯಲ್ಲಿ ಹಲವು ಸಲ ಕಡಿತವಾಗಿರುವುದು ಪರದೆಯಲ್ಲೇ.

ರ‍್ಯಾಮ್ 16 ಜಿಬಿ ಇದ್ದರೆ ಒಳ್ಳೆಯದು. 8 ಜಿಬಿಯೇ ಕೈಗೆಟಕುವುದಾದರೆ ಮುಂದೆ ಸೇರಿಸಲು ಸ್ಲಾಟ್ ಇದೆಯೇ ಎಂದು ಕೇಳಬೇಕು. ಬೋರ್ಡಿಗೇ ಬೆಸೆದ ರ‍್ಯಾಮ್ ಬೆಳೆಯುವುದಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 25 ಎಂಬಿ ಎಂದರೂ ಎರಡು ಸಾವಿರ ಚಿತ್ರಗಳ ಮದುವೆಗೆ 50 ಜಿಬಿ ಬೇಕು. ಆದ್ದರಿಂದ 512 ಜಿಬಿ ಎಸ್‌ಎಸ್‌ಡಿ, ಹಳೆಯ ಕೆಲಸಕ್ಕೆ ಹೊರಗಿನ ಹಾರ್ಡ್ ಡಿಸ್ಕ್. ಡಾರ್ಕ್‌ಟೇಬಲ್, ಗಿಂಪ್ ಉಚಿತವಾಗಿ ಸಿಗುವುದರಿಂದ ಸಾಫ್ಟ್‌ವೇರ್ ಚಂದಾ ಉಳಿಸಿ ಪರದೆಗೆ ಹಾಕಲು ಸಾಧ್ಯ. ಲ್ಯಾಪ್‌ಟಾಪಿನ ಪರದೆ ಒಗ್ಗದಿದ್ದರೆ ಒಳ್ಳೆಯದೊಂದು ಐಪಿಎಸ್ ಮಾನಿಟರ್ ಬೇರೆ ತಂದು ಜೋಡಿಸುವುದೂ ಉಂಟು. ಕ್ಯಾಲಿಬ್ರೇಟರನ್ನು ಒಬ್ಬರೇ ಕೊಳ್ಳಬೇಕಿಲ್ಲ; ನಾಲ್ಕಾರು ಸ್ಟುಡಿಯೋದವರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು.

ಅದೂ ಆಗದಿದ್ದಲ್ಲಿ ಬಣ್ಣ ಸರಿಬಂದ ಹಳೆಯ ಪ್ರಿಂಟ್ ಒಂದನ್ನೂ ಅದರ ಫೈಲನ್ನೂ ಅಂಗಡಿಗೆ ಒಯ್ದು, ಪ್ರಿಂಟನ್ನು ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ ಹಿಡಿದು, ಪರದೆಯ ಬೆಳಕನ್ನು ಅದರ ಮಟ್ಟಕ್ಕೆ ಇಳಿಸಿ ಹೋಲಿಸಬೇಕು. ಮೊದಲು ನೋಡಬೇಕಾದದ್ದು ಮುಖದ ಬಣ್ಣ, ಬಿಳಿ ಪಂಚೆ, ಕಪ್ಪು ಕೂದಲಿನ ಎಳೆಗಳು. ಮೂರೂ ಹೊಂದಿದರೆ ಮುಂದಿನ ಸಂಶಯಕ್ಕೆ ಕಾರಣ ಸಿಗುವ ತನಕ ಆ ಪರದೆಯನ್ನು ನಂಬಿ ಕೆಲಸ ಹಿಡಿಯಬಹುದು.