ಕೂಗಿದ ಬೆಲೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಮನೆಯ ಜಗಳಗಳಿಗೆ ಅನ್ವಯಿಸುತ್ತೇವೆ. ಆದರೆ ಅದರ ನಿಜವಾದ ಪರೀಕ್ಷೆ ನಡೆಯುವುದು ಪೇಟೆಯಲ್ಲಿ. ಅಲ್ಲಿ ಮಾತಿಗೆ ಅಂಕಿಯುಂಟು. ತಪ್ಪಿದ ಮಾತಿನಿಂದ ಯಾರಿಗೆ ಎಷ್ಟು ನಷ್ಟವಾಯಿತೆಂದು ರೂಪಾಯಿ ಪೈಸೆಗಳಲ್ಲಿ ಎಣಿಸಿ ಹೇಳಬಹುದು. ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಬೆಲೆ ಕೂಗಿ, ಮಾಲು ತನ್ನ ಹೆಸರಿಗೆ ನಿಂತ ಮೇಲೆ, ‘ನನಗೆ ಬೇಡ’ ಎಂದು ಎದ್ದು ಹೋಗುವವನನ್ನು ಏನು ಮಾಡಬೇಕು? ದಂಡಿಸಬೇಕೆ, ಕ್ಷಮಿಸಬೇಕೆ, ಅಥವಾ ಇದೆಲ್ಲ ವ್ಯಾಪಾರದಲ್ಲಿ ಇದ್ದದ್ದೇ ಎಂದು ಸುಮ್ಮನಿರಬೇಕೆ? ಪ್ರಶ್ನೆ ಚಿಕ್ಕದಾಗಿ ಕಂಡರೂ, ಮನುಷ್ಯನ ಮಾತು ಯಾವ ಗಳಿಗೆಯಲ್ಲಿ ಅವನನ್ನು ಕಟ್ಟಿಹಾಕುತ್ತದೆ ಎಂಬ ಹಳೆಯ ಪ್ರಶ್ನೆಯೇ ಇದರೊಳಗೆ ಅಡಗಿದೆ.

ದಾವಣಗೆರೆಯಂಥ ಊರಿನಲ್ಲಿ ಇದು ಬರಿಯ ತರ್ಕದ ವಿಷಯವಲ್ಲ. ಒಂದು ಕಾಲಕ್ಕೆ ಹತ್ತಿಗೂ ಗಿರಣಿಗಳಿಗೂ ಹೆಸರಾಗಿದ್ದ ಈ ಊರು ಈಗ ಮೆಕ್ಕೆಜೋಳದ ದೊಡ್ಡ ಪೇಟೆ. ಸುಗ್ಗಿಯ ದಿನಗಳಲ್ಲಿ ಎಪಿಎಂಸಿ ಪ್ರಾಂಗಣದ ತುಂಬ ಬಂಗಾರದ ಬಣ್ಣದ ರಾಶಿಗಳು. ಹಿಂದೆ ಇಲ್ಲಿ ಬೆಲೆಯನ್ನು ಬಾಯಿಂದ ಕೂಗುತ್ತಿದ್ದರು. ರಾಶಿಯ ಸುತ್ತ ವರ್ತಕರು ನಿಲ್ಲುವರು, ಸವಾಲು ಏರುವುದು, ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎಂದು ಮುಗಿಯುವುದು. ಕೂಗಿದವನ ಮುಖವನ್ನು ರೈತನೂ ಕಾಣುತ್ತಿದ್ದ, ಇತರ ವರ್ತಕರೂ ಕಾಣುತ್ತಿದ್ದರು. 2014ರಲ್ಲಿ ಕರ್ನಾಟಕವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತಂದಿತು. 2016ರ ಏಪ್ರಿಲ್‌ನಲ್ಲಿ ಇ-ನಾಮ್ ಎಂಬ ರಾಷ್ಟ್ರೀಯ ಏರ್ಪಾಡೂ ಆರಂಭವಾಯಿತು. ಇಂಥ ಏರ್ಪಾಡಿನಲ್ಲಿ ಬೆಲೆಯನ್ನು ಕೂಗುವುದಿಲ್ಲ, ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಒತ್ತುತ್ತಾರೆ. ರಾಶಿಗೊಂದು ಸಂಖ್ಯೆ, ಗೊತ್ತಾದ ಹೊತ್ತಿಗೆ ಟೆಂಡರು ಮುಗಿಯುತ್ತದೆ, ಹೆಚ್ಚು ಬರೆದವನ ಹೆಸರಿಗೆ ಮಾಲು ನಿಲ್ಲುತ್ತದೆ. ನಾಲ್ಕಾರು ಜನ ಸೇರಿಕೊಂಡು ಬೆಲೆಯನ್ನು ಅದುಮಿಡುವುದು ಇದರಿಂದ ಕಷ್ಟವಾಗುತ್ತದೆ, ದೂರದ ವರ್ತಕನೂ ಬೆಲೆ ಬರೆಯಬಹುದು ಎಂಬುದು ಇದರ ಹಿಂದಿನ ಆಶಯ. ಆಶಯ ಒಳ್ಳೆಯದೇ. ಆದರೆ ಬಾಯಿಂದ ಬೆರಳಿಗೆ ಇಳಿದಾಗ ಮಾತು ಸ್ವಲ್ಪ ಹಗುರಾಯಿತೋ ಏನೋ ಎಂಬ ಸಂಶಯಕ್ಕೂ ಎಡೆಯಿದೆ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಹರಿಹರದ ಕಡೆಯ ಹಳ್ಳಿಯ ರೈತನೊಬ್ಬ ನಲವತ್ತು ಕ್ವಿಂಟಲ್ ಮೆಕ್ಕೆಜೋಳ ತಂದು ರಾಶಿ ಹಾಕಿದ್ದಾನೆ. ಒಬ್ಬ ವರ್ತಕ ಕ್ವಿಂಟಲಿಗೆ 2,200 ರೂಪಾಯಿ ಬರೆದ. ಅವನ ನಂತರದವನು 2,160 ಬರೆದ. ಮಾಲು ಮೊದಲನೆಯವನಿಗೆ ನಿಂತಿತು. ಸಂಜೆಯ ಹೊತ್ತಿಗೆ ಬೇರೆ ಊರುಗಳಿಂದ ಬೆಲೆ ಇಳಿದ ಸುದ್ದಿ ಬಂತು. ‘ತೇವ ಜಾಸ್ತಿ ಇದೆ, ನನಗೆ ಬೇಡ’ ಎಂದ ವರ್ತಕ. ಎರಡನೆಯವನ ಲಾರಿ ಆಗಲೇ ಬೇರೆ ರಾಶಿಯಿಂದ ತುಂಬಿ ಹೋಗಿದೆ. ಮರುದಿನ ಅದೇ ರಾಶಿಗೆ ಸಿಕ್ಕಿದ್ದು 2,100. ಲೆಕ್ಕ ಹಾಕಿದರೆ ನಾಲ್ಕು ಸಾವಿರ ರೂಪಾಯಿ ಕಡಿಮೆಯಾಯಿತು. ಅದರ ಮೇಲೆ ಒಂದು ರಾತ್ರಿಯ ಕಾವಲು, ಬಾಡಿಗೆ ಗಾಡಿಯ ಕಾಯುವಿಕೆ, ಮಳೆ ಬಂದರೇನು ಗತಿ ಎಂಬ ಅಂಜಿಕೆ. ನಾಲ್ಕು ಸಾವಿರಕ್ಕಾಗಿ ಅವನು ನ್ಯಾಯಾಲಯದ ಮೆಟ್ಟಿಲು ಹತ್ತಲಾರ. ವರ್ತಕನಿಗೂ ಅದು ಗೊತ್ತು.

ವರ್ತಕನ ಪರವಾಗಿ ಹೇಳುವವರುಂಟು. ‘ಅವನು ಮಾಲನ್ನು ಒಯ್ದಿಲ್ಲ, ಯಾರ ದುಡ್ಡನ್ನೂ ತಿಂದಿಲ್ಲ. ರೈತನ ರಾಶಿ ರೈತನ ಬಳಿಯೇ ಇದೆ. ಮನಸ್ಸು ಬದಲಾಯಿಸುವ ಸ್ವಾತಂತ್ರ್ಯ ಯಾರಿಗಿಲ್ಲ?’ ಇದರಲ್ಲಿ ಅರ್ಧ ಸತ್ಯವಿದೆ. 1930ರ ಸರಕು ಮಾರಾಟ ಕಾಯಿದೆಯ 64ನೆಯ ಕಲಮು ಈ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿದೆ: ಹರಾಜು ಹಾಕುವವನು ಸುತ್ತಿಗೆ ಕುಟ್ಟಿಯೋ ರೂಢಿಯ ಬೇರೆ ರೀತಿಯಲ್ಲೋ ಮಾರಾಟ ಮುಗಿಯಿತೆಂದು ಸಾರುವವರೆಗೆ, ಕೂಗಿದವನು ತನ್ನ ಕೂಗನ್ನು ಹಿಂತೆಗೆದುಕೊಳ್ಳಬಹುದು. ಸಾರಿದ ಮೇಲೆ ಆಗದು. ಹಾಗಾದರೆ ಆ ಒಂದು ಕ್ಷಣದಲ್ಲಿ ಬದಲಾದದ್ದೇನು? ಸುತ್ತಿಗೆಯ ಸದ್ದಿನಲ್ಲಿ ಅಂಥ ಮಹಿಮೆ ಏನಿದೆ?

ಮಹಿಮೆ ಸದ್ದಿನಲ್ಲಿಲ್ಲ, ಆ ಸದ್ದನ್ನು ಕೇಳಿ ಉಳಿದವರೆಲ್ಲ ಚದುರುತ್ತಾರೆ, ಅದರಲ್ಲಿದೆ. ಅಂಗಡಿಯಲ್ಲಿ ಒಂದು ಬಟ್ಟೆಯ ಬೆಲೆ ಕೇಳಿ ಬೇಡವೆಂದು ಹೊರಟರೆ, ಅಂಗಡಿಯವನು ಮೊದಲು ಇದ್ದಲ್ಲಿಯೇ ಇರುತ್ತಾನೆ. ಹರಾಜಿನಲ್ಲಿ ಹಾಗಲ್ಲ. ಗೆದ್ದ ಕೂಗು ಇತರ ಎಲ್ಲ ಕೂಗುಗಳನ್ನೂ ಅಳಿಸಿಹಾಕುತ್ತದೆ. 2,160 ಕೊಡಲು ಸಿದ್ಧನಿದ್ದ ಮನುಷ್ಯ ಪ್ರಾಂಗಣದಿಂದ ಹೊರಟುಹೋದದ್ದು 2,200 ಎಂದವನ ಮಾತನ್ನು ನಂಬಿಯೇ. ಆದ್ದರಿಂದ ಮಾತು ತಪ್ಪಿದವನು ರೈತನ ರಾಶಿಯನ್ನು ಮುಟ್ಟದಿದ್ದರೂ ಅವನ ಕೈಯಲ್ಲಿದ್ದ ಇನ್ನೊಂದು ಅವಕಾಶವನ್ನು ಕಿತ್ತುಕೊಂಡಿದ್ದಾನೆ. ಹಾಗೆಯೇ ಎರಡನೆಯ ವರ್ತಕನಿಂದಲೂ ಒಂದು ನ್ಯಾಯವಾದ ಖರೀದಿಯನ್ನು ತಪ್ಪಿಸಿದ್ದಾನೆ. ಹರಾಜಿನ ಮಾತು ಇಬ್ಬರ ನಡುವಿನ ಮಾತಾಗಿ ಕಂಡರೂ ಅದು ನೆರೆದ ಎಲ್ಲರಿಗೂ ಕೊಟ್ಟ ಮಾತು.

ಆದರೂ ಹಿಂಜರಿದವರೆಲ್ಲರನ್ನೂ ಒಂದೇ ಗೂಟಕ್ಕೆ ಕಟ್ಟುವುದು ನ್ಯಾಯವಾಗದು. ಕೈತಪ್ಪಿನಿಂದ ಹಿಂಜರಿಯುವವನು ಒಬ್ಬ: 2,210 ಎಂದು ಬರೆಯಹೋಗಿ ಒಂದು ಸೊನ್ನೆ ಹೆಚ್ಚಾಗಿ 22,100 ಎಂದು ಒತ್ತಿದವನು. 1872ರ ಕರಾರು ಕಾಯಿದೆಯ 22ನೆಯ ಕಲಮು, ಒಬ್ಬನೇ ತಪ್ಪು ತಿಳಿದನೆಂಬ ಮಾತ್ರಕ್ಕೆ ಕರಾರು ಬೀಳುವುದಿಲ್ಲವೆಂದು ಕಠಿಣವಾಗಿ ಹೇಳುತ್ತದೆ. ಆದರೆ ಮೆಕ್ಕೆಜೋಳಕ್ಕೆ ಇಪ್ಪತ್ತೆರಡು ಸಾವಿರ ಯಾರೂ ಕೊಡುವುದಿಲ್ಲವೆಂದು ರೈತನಿಗೂ ಗೊತ್ತು. ಗೊತ್ತಿದ್ದೂ ಆ ಅಂಕಿಗೆ ಅವನನ್ನು ಹಿಡಿದರೆ, ಮಾತಿನ ಹೆಸರಿನಲ್ಲಿ ನಾವು ಸುಲಿಗೆ ಮಾಡಿದಂತೆ. ಶಕ್ತಿ ಸಾಲದೆ ಹಿಂಜರಿಯುವವನು ಇನ್ನೊಬ್ಬ: ಬರಬೇಕಾದ ಹಣ ಬರಲಿಲ್ಲ, ಮನೆಯಲ್ಲಿ ಕಾಯಿಲೆ ಬಿತ್ತು. ಅವನಿಗೆ ಗಡುವು ಕೊಡಬಹುದು, ನಷ್ಟವನ್ನು ಹಂಚಿಕೊಳ್ಳಬಹುದು. ಮೂರನೆಯವನು ಬೆಲೆ ಇಳಿಯಿತೆಂಬ ಒಂದೇ ಕಾರಣಕ್ಕೆ ಹಿಂಜರಿಯುವವನು. ಬೆಲೆ ಏರಿದ್ದರೆ ಅವನು ಅದೇ ಮಾತನ್ನು ಗಟ್ಟಿಯಾಗಿ ಹಿಡಿದು ರೈತನಿಂದ ಮಾಲನ್ನು ಕೇಳುತ್ತಿದ್ದ. ಲಾಭ ಬಂದರೆ ಕರಾರು, ನಷ್ಟ ಬಂದರೆ ಸ್ವಾತಂತ್ರ್ಯ ಎನ್ನುವ ಈ ಮನುಷ್ಯನಿಗೆ ಮಾತ್ರ ರಿಯಾಯಿತಿ ಸಲ್ಲದು. ಕಷ್ಟವೆಂದರೆ ಮೂರನೆಯವನು ಯಾವಾಗಲೂ ಮೊದಲನೆಯವನ ಅಥವಾ ಎರಡನೆಯವನ ವೇಷ ಹಾಕಿಕೊಂಡೇ ಬರುತ್ತಾನೆ.

ಈ ತೊಡಕನ್ನು ನಮ್ಮ ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಕೊಂಡವನ ಪಶ್ಚಾತ್ತಾಪಕ್ಕೆ ಧರ್ಮಶಾಸ್ತ್ರಗಳಲ್ಲಿ ‘ಕ್ರೀತಾನುಶಯ’ ಎಂಬ ಹೆಸರಿನ ಪ್ರತ್ಯೇಕ ವ್ಯವಹಾರಪದವೇ ಇದೆ. ನಾರದಸ್ಮೃತಿಯ ಏರ್ಪಾಡು ಹೀಗೆ: ಕೊಂಡ ದಿನವೇ ಮಾಲನ್ನು ಕೆಡದಂತೆ ಹಿಂದಿರುಗಿಸಿದರೆ ದಂಡವಿಲ್ಲ, ಎರಡನೆಯ ದಿನ ಹಿಂದಿರುಗಿಸಿದರೆ ಬೆಲೆಯ ಮೂವತ್ತನೆಯ ಒಂದು ಪಾಲು ಬಿಡಬೇಕು, ಮೂರನೆಯ ದಿನ ಅದರ ಎರಡರಷ್ಟು, ಆಮೇಲೆ ಮಾಲು ಕೊಂಡವನದೇ. ಆದರೆ ಮೊದಲೇ ಗುಣದೋಷಗಳನ್ನು ಪರೀಕ್ಷಿಸಿ ಒಪ್ಪಿ ಕೊಂಡದ್ದನ್ನು ಹಿಂದಿರುಗಿಸುವಂತಿಲ್ಲವೆಂದೂ ಅದೇ ಸ್ಮೃತಿ ಹೇಳುತ್ತದೆ. ಪರೀಕ್ಷೆಗೆ ಎಷ್ಟು ದಿನ ಎಂಬುದನ್ನು ಯಾಜ್ಞವಲ್ಕ್ಯನು ವಸ್ತುವಿಗೆ ತಕ್ಕಂತೆ ಗೊತ್ತುಮಾಡಿದ್ದಾನೆ: ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು, ಹೊರೆ ಎಳೆಯುವ ಪ್ರಾಣಿಗೆ ಐದು, ಕರೆಯುವ ಹಸುವಿಗೆ ಮೂರು. ಬೀಜ ಮೊಳೆಯಬೇಕು, ಎತ್ತು ನೊಗಕ್ಕೆ ಹೆಗಲು ಕೊಡಬೇಕು; ಕಬ್ಬಿಣ ಒಂದು ಪೆಟ್ಟಿಗೆ ತನ್ನ ಗುಣ ಹೇಳುತ್ತದೆ. ಇದರಲ್ಲಿ ಎಷ್ಟು ಲೋಕಾನುಭವವಿದೆ ನೋಡಿ! ರಾಶಿಗೆ ಕೈಹಾಕಿ, ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ ಬೆಲೆ ಬರೆದ ವರ್ತಕನು ಸಂಜೆಗೆ ತೇವದ ಮಾತೆತ್ತಿದರೆ, ನಾರದನು ಏನು ಹೇಳುತ್ತಿದ್ದನೆಂಬುದು ಸ್ಪಷ್ಟ.

‘ಸಂಚಕಾರ’ ಎಂಬ ನಮ್ಮ ಹಳೆಯ ಮಾತನ್ನೂ ಇಲ್ಲಿ ನೆನೆಯಬೇಕು. ಈಗ ನಾವು ಅದನ್ನು ಕೇಡು ಎಂಬ ಅರ್ಥದಲ್ಲಿ ಬಳಸುತ್ತೇವೆ. ಜೀವಕ್ಕೆ ಸಂಚಕಾರ ಬಂತು ಎನ್ನುತ್ತೇವೆ. ಮೂಲದಲ್ಲಿ ಅದು ವ್ಯಾಪಾರ ಕುದುರಿದಾಗ ಮುಂಗಡವಾಗಿ ಕೊಡುವ ಹಣ, ಸಂಸ್ಕೃತದ ‘ಸತ್ಯಂಕಾರ’ದ ತದ್ಭವ. ಎಂದರೆ ಮಾತನ್ನು ಸತ್ಯವಾಗಿಸುವುದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ನಮ್ಮ ನಾಡಿನಲ್ಲಿಯೇ, ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯಲ್ಲಿ ಇದರ ವಿವರಣೆಯಿದೆ. ಉಂಗುರವನ್ನೋ ಮತ್ತೊಂದನ್ನೋ ಸತ್ಯಂಕಾರವಾಗಿ ಕೊಟ್ಟವನು ಮಾತು ತಪ್ಪಿದರೆ ಅದನ್ನು ಕಳೆದುಕೊಳ್ಳುತ್ತಾನೆ. ತೆಗೆದುಕೊಂಡವನು ತಪ್ಪಿದರೆ ಎರಡರಷ್ಟು ಹಿಂದಿರುಗಿಸಬೇಕು. ಬಂಧನ ಎರಡು ಕಡೆಗೂ ಉಂಟು.

ಇಂದಿನ ಕಾನೂನೂ ಈ ದಾರಿಯನ್ನೇ ಹಿಡಿದಿದೆ. ನ್ಯಾಯಾಲಯದ ಹರಾಜಿನಲ್ಲಿ ಸ್ಥಿರಾಸ್ತಿಯನ್ನು ಕೂಗಿ ಗೆದ್ದವನು ಬೆಲೆಯ ಕಾಲುಭಾಗವನ್ನು ಅಲ್ಲಿಯೇ ಕಟ್ಟಬೇಕು, ಉಳಿದದ್ದನ್ನು ಹದಿನೈದು ದಿನಗಳಲ್ಲಿ ಕಟ್ಟಬೇಕು. ತಪ್ಪಿದರೆ ಮರುಹರಾಜು, ಅದರಲ್ಲಿ ಬೆಲೆ ಕಡಿಮೆ ಬಂದರೆ ಆ ಕೊರತೆಗೆ ಅವನೇ ಹೊಣೆ. ಬ್ಯಾಂಕುಗಳು ಸಾಲಕ್ಕಾಗಿ ಹಾಕುವ ಇ-ಹರಾಜಿನಲ್ಲಿ ಕಾಲುಭಾಗ ಕಟ್ಟಿ ಉಳಿದದ್ದನ್ನು ಕಟ್ಟದೆ ನಿಂತವನ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಸರಿಯೆಂದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕೋಟಿಗಳ ಮಾತಿಗೆ ಇಷ್ಟು ಕಾವಲಿರುವಾಗ, ರಾಶಿಯ ಮುಂದೆ ಕುಳಿತ ರೈತನ ನಾಲ್ಕು ಸಾವಿರಕ್ಕೂ ಅಷ್ಟೇ ಗಟ್ಟಿಯಾದ, ಅದಕ್ಕಿಂತ ಬೇಗ ಕೈಗೆಟುಕುವ ಕಾವಲು ಬೇಡವೆ? ನಷ್ಟದ ಮೊತ್ತ ಚಿಕ್ಕದೆಂದು ನಾವು ಅಳೆಯುವುದು ನಮ್ಮ ಅಳತೆಗೋಲಿನಿಂದ. ಅವನಿಗೆ ಅದು ಮುಂದಿನ ಬಿತ್ತನೆಯ ಬೀಜವಾಗಿರಬಹುದು.

ಇದಕ್ಕೆ ಒಂದು ಜಾಣ ಆಕ್ಷೇಪವುಂಟು. ಕರಾರನ್ನು ಪಾಲಿಸುವ ಕರ್ತವ್ಯವೆಂದರೆ, ಪಾಲಿಸದಿದ್ದರೆ ಪರಿಹಾರ ತೆರಬೇಕಾಗುತ್ತದೆಂಬ ಭವಿಷ್ಯವಾಣಿ, ಅಷ್ಟೇ ಎಂದು ಅಮೆರಿಕದ ನ್ಯಾಯಮೂರ್ತಿ ಹೋಮ್ಸ್ 1897ರಲ್ಲಿ ವಾದಿಸಿದ. ಹಾಗಾದರೆ ದಂಡ ಕಟ್ಟಿದವನು ನಿರ್ದೋಷಿ. ಮಾತು ತಪ್ಪುವುದೂ ಬೆಲೆ ಕೊಟ್ಟು ಕೊಳ್ಳಬಹುದಾದ ಒಂದು ಸರಕು. ನ್ಯಾಯಾಧೀಶನ ಪೀಠದಿಂದ ನೋಡಿದರೆ ಇದು ಸರಿಯಾಗಿ ಕಾಣಬಹುದು. ಪ್ರಾಂಗಣದಲ್ಲಿ ನಿಂತು ನೋಡಿದರೆ ಸರಿ ಕಾಣದು. ದಂಡದ ಹಣ ನಷ್ಟವನ್ನು ತುಂಬುತ್ತದೆ. ಆದರೆ ನಾಳೆ ಬರುವ ಪ್ರಾಮಾಣಿಕ ವರ್ತಕನ ಅಂಕಿಯನ್ನೂ ರೈತನು ಅನುಮಾನದಿಂದ ನೋಡುವಂತಾಗುತ್ತದಲ್ಲ, ಅದನ್ನು ತುಂಬಿಕೊಡುವವರು ಯಾರು? ಜರ್ಮನಿಯ ಕಾಂಟ್ ಸುಳ್ಳು ವಚನದ ವಿಷಯದಲ್ಲಿ ಹೇಳಿದ್ದು ಇದಕ್ಕೆ ಹತ್ತಿರದ ಮಾತು: ಎಲ್ಲರೂ ಹಾಗೆ ಮಾಡಿದರೆ ವಚನವೆಂಬುದೇ ಉಳಿಯುವುದಿಲ್ಲ. ಎಲ್ಲರೂ ಹಿಂಜರಿಯುವ ಹರಾಜಿನಲ್ಲಿ ಹಿಂಜರಿಯಲು ಯಾವ ಬೆಲೆಯೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಮಾರುವವನ ಕಡೆಗೂ ತಿರುಗಬೇಕು. ದಾವಣಗೆರೆಯಿಂದ ಕೂಗಳತೆಯಲ್ಲಿರುವ ಹರಿಹರದಲ್ಲಿ, ತುಂಗಭದ್ರೆಯ ದಡದ ಮೇಲೆ, ಹೊಯ್ಸಳ ಇಮ್ಮಡಿ ನರಸಿಂಹನ ಕಾಲಕ್ಕೆ ದಂಡನಾಥ ಪೊಲಾಳ್ವನು 1224ರಲ್ಲಿ ಕಟ್ಟಿಸಿದ ದೇಗುಲವಿದೆ. ಅಲ್ಲಿನ ಮೂರ್ತಿ ಅರ್ಧ ಹರ, ಅರ್ಧ ಹರಿ. ವ್ಯಾಪಾರದ ಸತ್ಯವೂ ಹಾಗೆಯೇ ಎರಡು ಅರ್ಧಗಳು ಸೇರಿದ ಒಂದು ಮೈ ಎನ್ನಬಹುದು. ಮೇಲೆ ಒಣಗಿದ ಕಾಳು ಹರಡಿ ಅಡಿಯಲ್ಲಿ ಹಸಿಯದನ್ನು ಇಟ್ಟವನು, ಕೊಳ್ಳುವವನು ಹಿಂಜರಿದಾಗ ಮಾತಿನ ಪಾವಿತ್ರ್ಯವನ್ನು ಎತ್ತುವಂತಿಲ್ಲ. ಅಂಥ ಸಂದರ್ಭದಲ್ಲಿ ಮಾತು ತಪ್ಪಿದವನು ಮಾರಿದವನೇ. ಟೆಂಡರಿನ ಬೆಲೆ ಹಿಡಿಸದಿದ್ದರೆ ಮಾರುವುದಿಲ್ಲವೆನ್ನುವ ಹಕ್ಕು ರೈತನಿಗುಂಟು, ವರ್ತಕನಿಗೇಕೆ ಅಂಥ ಹಕ್ಕಿಲ್ಲ ಎಂದು ಕೇಳುವವರಿದ್ದಾರೆ. ಉತ್ತರ ಸರಳ. ರೈತನು ಇನ್ನೂ ಯಾವ ಅಂಕಿಯನ್ನೂ ಹೇಳಿಲ್ಲ. ವರ್ತಕನು ತಾನಾಗಿ ಹೇಳಿದ್ದಾನೆ. ಆದರೆ ‘ಕೊಟ್ಟೆ’ ಎಂದ ಮೇಲೆ ರೈತನೂ ಬದ್ಧ.

ಇನ್ನು ತಪ್ಪಿದವನ ಹೆಸರನ್ನು ಡಂಗುರ ಸಾರುವ ವಿಚಾರ. 1995ರಲ್ಲಿ ಆರಂಭವಾದ ಇ-ಬೇ ಎಂಬ ಅಂತರ್ಜಾಲದ ಹರಾಜುಕಟ್ಟೆಯಲ್ಲಿ ಮಾರಿದವನೂ ಕೊಂಡವನೂ ಒಬ್ಬರ ಮೇಲೊಬ್ಬರು ಅಭಿಪ್ರಾಯ ಬರೆಯುವ ಪದ್ಧತಿಯಿತ್ತು. ದೂರು ಬರೆದ ಕೊಳ್ಳುವವನ ಮೇಲೆ ಮಾರುವವನು ಸೇಡಿನ ದೂರು ಬರೆಯುವುದು ಹೆಚ್ಚಾಗಿ, 2008ರಲ್ಲಿ ಕೊಂಡವನ ಮೇಲೆ ಕೆಟ್ಟ ಅಭಿಪ್ರಾಯ ಬರೆಯುವ ಅವಕಾಶವನ್ನೇ ತೆಗೆದುಹಾಕಿದರು. ಸಿಟ್ಟಿನ ಕೈಗೆ ಶಿಕ್ಷೆಯ ಕೋಲನ್ನು ಕೊಡಬಾರದೆಂಬುದು ಇದರಿಂದ ಕಲಿಯಬೇಕಾದದ್ದು. ನೊಂದವನೇ ನ್ಯಾಯಾಧೀಶನಾದರೆ ಸೊನ್ನೆ ತಪ್ಪಿದವನಿಗೂ ಸಂಚುಗಾರನಿಗೂ ಒಂದೇ ಏಟು ಬೀಳುತ್ತದೆ. ಆ ಕೆಲಸವನ್ನು ಇಬ್ಬರಿಗೂ ಹೊರಗಿನವರಾದವರು, ಎಲ್ಲರಿಗೂ ತಿಳಿದ ಕಟ್ಟಳೆಯಂತೆ ಮಾಡಬೇಕು.

ಕಟ್ಟಳೆ ಎಂಥದಿರಬೇಕು? ಮೊದಲೇ ಸ್ವಲ್ಪ ಸಂಚಕಾರವಿರಲಿ. ತಪ್ಪನ್ನು ಕೂಡಲೇ, ಎರಡನೆಯವನು ಇನ್ನೂ ಪ್ರಾಂಗಣದಲ್ಲಿರುವಾಗಲೇ ಒಪ್ಪಿಕೊಂಡವನಿಗೆ ಹೊರೆ ಹಗುರವಾಗಿರಲಿ. ಹೊತ್ತು ಕಳೆದಂತೆ ನಾರದನ ಲೆಕ್ಕದಲ್ಲಿ ಏರಲಿ. ಹಿಡಿದ ಹಣ ನಷ್ಟವಾದವನ ಕೈಗೇ ಸೇರಲಿ. ಮತ್ತೆ ಮತ್ತೆ ತಪ್ಪುವವನಿಗೆ ಕೆಲವು ಕಾಲ ಬೆಲೆ ಬರೆಯುವ ಅಧಿಕಾರವೇ ಬೇಡ. ಆದರೆ ಹಿಂದಿರುಗುವ ದಾರಿ ಮುಚ್ಚುವುದೂ ಬೇಡ.

ಹುಲಿಗೆ ಕೊಟ್ಟ ಮಾತನ್ನು ಉಳಿಸಲು ಸಾವಿನ ಬಾಯಿಗೆ ಹಿಂದಿರುಗಿದ ಪುಣ್ಯಕೋಟಿಯ ಕಥೆಯನ್ನು ನಮ್ಮ ಮಕ್ಕಳಿಗೆಲ್ಲ ಹೇಳಿದ್ದೇವೆ. ಪೇಟೆಯಲ್ಲಿ ಯಾರನ್ನೂ ಪುಣ್ಯಕೋಟಿಯಾಗೆಂದು ಕೇಳುವಂತಿಲ್ಲ, ಕೇಳಬೇಕಾಗಿಯೂ ಇಲ್ಲ. ಕ್ವಿಂಟಲಿಗೆ ನೂರು ರೂಪಾಯಿ ಇಳಿದ ಸಂಜೆಯೂ ಬೆಳಿಗ್ಗೆ ತಾನೇ ಬರೆದ ಅಂಕಿಯನ್ನು ತನ್ನದೆಂದು ಒಪ್ಪಿಕೊಳ್ಳುವ ಸಾಧಾರಣ ಮನುಷ್ಯರು ಸಾಕು. ಅಂಥವರು ಪ್ರಾಂಗಣದಲ್ಲಿ ಹೆಚ್ಚು ಮಂದಿ ಇರುವವರೆಗೆ, ರಾಶಿ ಹಾಕಿದ ರೈತನು ರಾತ್ರಿ ನಿಶ್ಚಿಂತೆಯಿಂದ ಮನೆಗೆ ಹೋಗಿ ಮಲಗಬಹುದು.